ಕಲಬುರಗಿ ದೂರದರ್ಶನದ ಸಿಗ್ನಲ್ ನಮ್ಮೂರಿಗೆ ಏಕೆ ಸರಿಯಾಗಿ ಸಿಗಲಿಲ್ಲ?

ಪ್ರಶ್ನೆ: ನಮ್ಮದು ಚಿಂಚೋಳಿ ತಾಲ್ಲೂಕಿನಲ್ಲಿ ಗುಡ್ಡದ ಬುಡಕ್ಕಿರುವ ಸಣ್ಣ ಊರು. ತಂತಿ ಜಾಳಿಗೆಯ ದೊಡ್ಡ ಕೊಡೆಯಂಥದ್ದೊಂದನ್ನು ಶಾಲೆಯ ಹತ್ತಿರ ನಿಲ್ಲಿಸಿ ಊರಿಗೆಲ್ಲ ಟಿವಿ ತೋರಿಸುತ್ತಿದ್ದರು, ಚಿತ್ರ ಚೆನ್ನಾಗಿಯೇ ಬರುತ್ತಿತ್ತು, ಒಂದು ವರ್ಷವಾದ ಮೇಲೆ ಅದು ನಿಂತುಹೋಯಿತು ಎಂದು ನಮ್ಮ ತಂದೆ ಹೇಳುತ್ತಾರೆ. ಮುಂದೆ ಮನೆಗೆ ಟಿವಿ ತಂದಾಗ ಕಲಬುರಗಿ ಕೇಂದ್ರದ ಚಿತ್ರ ನಮ್ಮಲ್ಲಿ ಬರೀ ಚುಕ್ಕೆಚುಕ್ಕೆ. ಎರಡು ಕಿಲೋಮೀಟರ್ ಆಚೆಯ ದಿಣ್ಣೆಯ ಮೇಲಿನ ಊರಿನಲ್ಲಿ ಮಾತ್ರ ಸ್ವಚ್ಛ. ಒಂದೇ ದೂರದ ಎರಡು ಊರುಗಳಿಗೆ ಈ ವ್ಯತ್ಯಾಸ ಏಕೆ? ಕಲಬುರಗಿ ಕೇಂದ್ರ ಈಗ ಮುಚ್ಚಿದೆ ಎನ್ನುವುದು ನಿಜವೇ? ಮಾಳಿಗೆಯ ಮೇಲೆ ಇನ್ನೂ ನಿಂತಿರುವ ಹಳೆಯ ಆಂಟೆನಾದಿಂದ ಏನಾದರೂ ಪ್ರಯೋಜನ ಉಂಟೇ?

ಉತ್ತರ: ನಿಮ್ಮ ತಂದೆಯವರ ನೆನಪು ಸರಿಯಾಗಿದೆ. ನಿಮ್ಮ ಪ್ರಶ್ನೆಗೆ ಬೇಕಾದ ಮುಖ್ಯ ಸುಳಿವೂ ಅದರಲ್ಲಿಯೇ ಇದೆ. 1975ರಲ್ಲಿ ಚೆನ್ನಾಗಿ ಕಂಡ ಚಿತ್ರ ಹತ್ತು ವರ್ಷಗಳ ನಂತರ, ಇನ್ನೂ ಹತ್ತಿರದಲ್ಲೇ ಒಂದು ಕೇಂದ್ರ ಬಂದಿದ್ದಾಗ, ಏಕೆ ಕೆಟ್ಟಿತು ಎಂಬುದನ್ನು ತಿಳಿಯಬೇಕಾದರೆ ನಿಮ್ಮೂರಿನಲ್ಲಿ ಆಂಟೆನಾಗಳು ಕಾಲದಿಂದ ಕಾಲಕ್ಕೆ ಯಾವ ಕಡೆಗೆ ಮುಖ ಮಾಡಿದ್ದವು ಎಂಬುದನ್ನು ನೋಡಬೇಕು.

ಶಾಲೆಯ ಹತ್ತಿರ ನಿಂತಿದ್ದ ಆ ಕೊಡೆ ‘ಸೈಟ್’ ಯೋಜನೆಯದು, ಅಂದರೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಶಿಕ್ಷಣ ನೀಡುವ ಪ್ರಯೋಗದ್ದು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತದ ಬಳಕೆಗೆ ಕೊಟ್ಟಿತು. ಇಸ್ರೋ, ಆಕಾಶವಾಣಿ ಮತ್ತು ಆಗ ಅದರ ಭಾಗವೇ ಆಗಿದ್ದ ದೂರದರ್ಶನ ಉಳಿದ ಕೆಲಸವನ್ನು ಹೊತ್ತವು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಪ್ರಸಾರ ನಡೆಯಿತು. ಕರ್ನಾಟಕದಿಂದ ಆಯ್ಕೆಯಾದವು ಗುಲಬರ್ಗಾ, ರಾಯಚೂರು, ಬಿಜಾಪುರ ಎಂಬ ಮೂರು ಜಿಲ್ಲೆಗಳು. ಬೆಂಗಳೂರಿನಲ್ಲಿ ಆಗ ದೂರದರ್ಶನ ಕೇಂದ್ರವೇ ಇರಲಿಲ್ಲ. ಅದು ಆರಂಭವಾದದ್ದು 1981ರ ನವೆಂಬರ್ 1ರಂದು. ರಾಜಧಾನಿಗೂ ಆರು ವರ್ಷ ಮೊದಲು ನಿಮ್ಮ ಭಾಗದ ಹಳ್ಳಿಗಳು ಕನ್ನಡದ ಟಿವಿ ಕಾರ್ಯಕ್ರಮ ನೋಡಿದ್ದವು ಎಂಬುದನ್ನು ನಮ್ಮ ರಾಜ್ಯದ ಮಾಧ್ಯಮ ಚರಿತ್ರೆ ಹೇಳುವವರು ಹಲವು ಸಲ ಬಿಟ್ಟುಬಿಡುತ್ತಾರೆ. ಅದು ನನಗೆ ಬೇಸರದ ಸಂಗತಿ.

ಈ ಪ್ರಯೋಗದ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ, ತೆಲುಗು ಕಾರ್ಯಕ್ರಮಗಳ ಜೊತೆಗೆ. ಉಪಗ್ರಹ ಒಂದೇ ಚಿತ್ರದೊಂದಿಗೆ ಎರಡು ಧ್ವನಿಗಳನ್ನು ಸಾಗಿಸಬಲ್ಲದಾಗಿತ್ತು. ಹೀಗಾಗಿ ಒಂದೇ ಚಿತ್ರಕ್ಕೆ ಎರಡು ಭಾಷೆಗಳ ಮಾತನ್ನು ಒಟ್ಟಿಗೆ ಕಳುಹಿಸುವ ಅನುಕೂಲವಿತ್ತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಒಂದೂವರೆ ಗಂಟೆ, ಸಂಜೆ ಊರವರಿಗೆ ಎರಡೂವರೆ ಗಂಟೆ, ಹೀಗೆ ದಿನಕ್ಕೆ ನಾಲ್ಕು ಗಂಟೆಗಳ ಪ್ರಸಾರವನ್ನು ಆರು ರಾಜ್ಯಗಳ ಭಾಷೆಗಳಿಗೆ ಹಂಚಲಾಗುತ್ತಿತ್ತು. ಕೃಷಿ, ಆರೋಗ್ಯ, ಕುಟುಂಬ ಯೋಜನೆಗಳ ಜೊತೆ ಒಂದಿಷ್ಟು ಮನರಂಜನೆಯೂ ಇತ್ತು.

ಈಗ ಕೊಡೆಯ ವಿಷಯ. ಅದು ಸುಮಾರು ಮೂರು ಮೀಟರ್ ಅಡ್ಡಳತೆಯ ಡಿಶ್ ಆಂಟೆನಾ; ಅದರ ಮೈಗೆ ಹೊದಿಸಿದ್ದು ಕೋಳಿಗೂಡಿಗೆ ಹಾಕುವ ತಂತಿಬಲೆ. ತೂತು ತೂತಾದ ಬಲೆ ಆಕಾಶದಿಂದ ಬರುವ ಸಿಗ್ನಲನ್ನು ಹೇಗೆ ಹಿಡಿಯಿತು ಎಂದು ಹಲವರು ಕೇಳುತ್ತಾರೆ. ಎಟಿಎಸ್-6 ಪ್ರಸಾರ ಮಾಡುತ್ತಿದ್ದದ್ದು 860 ಮೆಗಾಹರ್ಟ್ಸ್‌ನಲ್ಲಿ. ಆ ತರಂಗದ ಉದ್ದ ಸುಮಾರು 35 ಸೆಂಟಿಮೀಟರ್. ಬಲೆಯ ತೂತು ತರಂಗದ ಉದ್ದಕ್ಕಿಂತ ಬಹಳ ಚಿಕ್ಕದಿದ್ದರೆ, ಹತ್ತನೆಯ ಒಂದು ಭಾಗಕ್ಕೂ ಕಡಿಮೆ ಇದ್ದರೆ, ತರಂಗಕ್ಕೆ ಅದು ತೂತಾಗಿ ತೋರುವುದಿಲ್ಲ, ಅಖಂಡ ತಗಡಿನಂತೆಯೇ ವರ್ತಿಸುತ್ತದೆ. ಎರಡು ಬೆರಳಗಲದ ಕಣ್ಣಿನ ಬಲೆಗೆ ಈ ಲೆಕ್ಕ ಸರಿಹೊಂದುತ್ತದೆ. ಬಲೆಯಾದ್ದರಿಂದ ಬೆಲೆಯೂ ಕಡಿಮೆ, ಗಾಳಿಯೂ ಅದರೊಳಗಿಂದ ಹಾದುಹೋಗುವುದರಿಂದ ಬೇಸಿಗೆಯ ಬಿರುಗಾಳಿಗೆ ಕೊಡೆ ಉರುಳುವ ಭಯವೂ ಕಡಿಮೆ. ಹಳ್ಳಿಯ ಟಿವಿಗೆಂದೇ ಯೋಚಿಸಿ ಮಾಡಿದ ಉಪಕರಣಗಳಲ್ಲಿ ಇದಕ್ಕಿಂತ ಅಚ್ಚುಕಟ್ಟಾದದ್ದನ್ನು ನಾನು ಕಂಡಿಲ್ಲ.

ಆ ಕೊಡೆ ನೋಡುತ್ತಿದ್ದ ದಿಕ್ಕನ್ನು ಗಮನಿಸಬೇಕು. ಉಪಗ್ರಹ ನಿಂತಿದ್ದದ್ದು ಭೂಮಧ್ಯರೇಖೆಯ ಮೇಲೆ ಪೂರ್ವ ರೇಖಾಂಶ 35 ಡಿಗ್ರಿಯಲ್ಲಿ, ಅಂದರೆ ಪೂರ್ವ ಆಫ್ರಿಕಾದ ನೆತ್ತಿಯ ಮೇಲೆ. ಚಿಂಚೋಳಿಯಿಂದ ಲೆಕ್ಕ ಹಾಕಿದರೆ ಅದು ಪಶ್ಚಿಮದಿಂದ ಸ್ವಲ್ಪ ನೈರುತ್ಯಕ್ಕೆ, ದಿಕ್ಸೂಚಿಯಲ್ಲಿ ಸುಮಾರು 252 ಡಿಗ್ರಿಗೆ ಬರುತ್ತದೆ. ನೆಲದಿಂದ ಅದರ ಏರು ಸುಮಾರು 38 ಡಿಗ್ರಿ. ಊರಿನ ಪಡುವಣಕ್ಕೆ ಗುಡ್ಡವೊಂದಿದ್ದು, ಅದು ಅರ್ಧ ಕಿಲೋಮೀಟರ್ ದೂರದಲ್ಲಿ 60 ಮೀಟರ್ ಎತ್ತರಕ್ಕೆ ಎದ್ದು ನಿಂತಿದೆ ಎಂದಿಟ್ಟುಕೊಂಡರೂ, ಅದು ಮರೆಮಾಡುವುದು ಆಕಾಶದ ಏಳು ಡಿಗ್ರಿಯನ್ನು ಮಾತ್ರ. ಕೊಡೆಯ ನೋಟ ಗುಡ್ಡದ ತಲೆಯ ಮೇಲಿಂದ ಎಷ್ಟೋ ಎತ್ತರದಲ್ಲಿ ಹಾದುಹೋಗುತ್ತಿತ್ತು. ನಿಮ್ಮ ತಂದೆಯವರು ನೋಡಿದ ಚಿತ್ರ ಸ್ವಚ್ಛವಾಗಿದ್ದದ್ದಕ್ಕೆ ಇದೇ ಕಾರಣ.

ಒಂದು ವರ್ಷದ ಕರಾರು ಮುಗಿದೊಡನೆ ಉಪಗ್ರಹ ಅಮೆರಿಕದ ಕಡೆಗೆ ಮರಳಿತು. ಅದಿಲ್ಲದೆ ಕೊಡೆಗಳಿಗೆ ಕೆಲಸವಿರಲಿಲ್ಲ. ಈ ಸಮಸ್ಯೆ ಮೊದಲೇ ತಿಳಿದಿದ್ದರಿಂದ, ಪ್ರಯೋಗ ನಡೆದ ಪ್ರದೇಶಗಳಲ್ಲಿ ನೆಲದ ಮೇಲಿನ ಟ್ರಾನ್ಸ್‌ಮಿಟರುಗಳನ್ನು ಹಾಕಿ ಹಳ್ಳಿಗಳ ಪ್ರಸಾರವನ್ನು ಮುಂದುವರಿಸುವ ಯೋಜನೆ ಸಿದ್ಧವಾಯಿತು. ಜೈಪುರ, ಹೈದರಾಬಾದ್, ರಾಯಪುರ, ಸಂಬಲ್‌ಪುರ, ಮುಜಫ್ಫರ್‌ಪುರಗಳ ಸಾಲಿನಲ್ಲಿಯೇ 1977ರಲ್ಲಿ ಗುಲಬರ್ಗಾ ಕೇಂದ್ರವೂ ಬಂದಿತು. ಕರ್ನಾಟಕದ ನೆಲದ ಮೇಲೆ ನಿಂತ ಮೊದಲ ದೂರದರ್ಶನ ಕೇಂದ್ರ ಅದು. ದೂರದರ್ಶನ ಆಕಾಶವಾಣಿಯಿಂದ ಬೇರೆಯಾದದ್ದು 1976ರ ಏಪ್ರಿಲ್‌ನಲ್ಲಿ, ಆದ್ದರಿಂದ ಹೊಸ ಸಂಸ್ಥೆಯ ಆರಂಭದ ಕೇಂದ್ರಗಳಲ್ಲಿ ಒಂದೆಂದೂ ಅದನ್ನು ಹೇಳಬಹುದು. ದೆಹಲಿಯಲ್ಲಿ 1959ರಲ್ಲಿ, ಮುಂಬಯಿಯಲ್ಲಿ 1972ರಲ್ಲಿ, ಕೋಲ್ಕತ್ತ ಮತ್ತು ಚೆನ್ನೈಗಳಲ್ಲಿ 1975ರಲ್ಲಿ ಟಿವಿ ಬಂದದ್ದು ದೊಡ್ಡ ನಗರಗಳೆಂಬ ಕಾರಣಕ್ಕೆ. ಕಲಬುರಗಿಗೆ ಬಂದದ್ದು ಹಳ್ಳಿಗಳ ಸಲುವಾಗಿ. ಈ ಹುಟ್ಟನ್ನು ಮರೆತರೆ ಆ ಕೇಂದ್ರದ ಮುಂದಿನ ಕಥೆ ಅರ್ಥವಾಗುವುದಿಲ್ಲ.

ಆದರೆ ಉಪಗ್ರಹ ಮೂರು ಜಿಲ್ಲೆಗಳಿಗೆ ಒಂದೇ ಸಮನೆ ಸಿಗ್ನಲ್ ಸುರಿಸುತ್ತಿದ್ದರೆ, ನೆಲದ ಟ್ರಾನ್ಸ್‌ಮಿಟರಿಗೆ ಆ ಶಕ್ತಿ ಇರಲಿಲ್ಲ. ಕಲಬುರಗಿಯಿಂದ ನೇರ ಗೆರೆ ಎಳೆದರೆ ರಾಯಚೂರು ಸುಮಾರು 135 ಕಿಲೋಮೀಟರ್, ವಿಜಯಪುರ 130 ಕಿಲೋಮೀಟರ್ ದೂರ. ಅಷ್ಟು ದೂರಕ್ಕೆ ಕಲಬುರಗಿಯ ಗೋಪುರದಿಂದ ದಿನವೂ ನಂಬಬಹುದಾದ ಚಿತ್ರ ತಲುಪುವುದು ಸಾಧ್ಯವಿರಲಿಲ್ಲ. ಪ್ರಯೋಗದ ಕಾಲದಲ್ಲಿ ಟಿವಿ ಕಂಡಿದ್ದ ಎಷ್ಟೋ ಹಳ್ಳಿಗಳು 1976ರ ಆಗಸ್ಟ್‌ನಿಂದ ಮತ್ತೆ ಟಿವಿ ಇಲ್ಲದ ಹಳ್ಳಿಗಳಾಗಿ, ಹಲವು ವರ್ಷ ಹಾಗೆಯೇ ಉಳಿದವು. ಕೊಟ್ಟು ಕಿತ್ತುಕೊಂಡಂತಾದ ಆ ಅಂತರದ ಬಗ್ಗೆ ನಿಮ್ಮ ತಂದೆಯವರಂಥವರು ಹೇಳುವ ಮಾತುಗಳನ್ನು ಯಾರಾದರೂ ಈಗಲೇ ಬರೆದಿಟ್ಟುಕೊಳ್ಳಬೇಕು. ಆ ತಲೆಮಾರಿಗೆ ಈಗ ವಯಸ್ಸಾಗಿದೆ.

ಟಿವಿಯ ನೆಲದ ಪ್ರಸಾರ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಟ್ರಾನ್ಸ್‌ಮಿಟರಿನ ಶಕ್ತಿಯಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಎತ್ತರ ಮುಖ್ಯ. ರೇಡಿಯೋದ ಮಧ್ಯಮ ತರಂಗ ನೆಲಕ್ಕೆ ಅಂಟಿಕೊಂಡು ಗುಡ್ಡ ಬಳಸಿ ಸಾಗುತ್ತದೆ. ರಾತ್ರಿ ಮೇಲಿನ ವಾಯುಸ್ತರಕ್ಕೆ ಬಡಿದು ನೂರಾರು ಕಿಲೋಮೀಟರ್ ಆಚೆಗೂ ಇಳಿಯುತ್ತದೆ. ಟಿವಿಯ ವಿಎಚ್‌ಎಫ್ ತರಂಗ, ಅಂದರೆ ರೇಡಿಯೋದ್ದಕ್ಕಿಂತ ಬಹಳ ಗಿಡ್ಡ ಉದ್ದದ ತರಂಗ, ಬೆಳಕಿನಂತೆ ಬಹುಮಟ್ಟಿಗೆ ನೇರವಾಗಿ ಹೋಗುತ್ತದೆ. ಭೂಮಿ ದುಂಡಗಿರುವುದರಿಂದ ಒಂದು ದೂರದ ನಂತರ ನೆಲವೇ ಅದಕ್ಕೆ ಅಡ್ಡ ಬರುತ್ತದೆ. ಲೆಕ್ಕ ಸುಲಭ: ಗೋಪುರದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಆ ಗೋಪುರದ ರೇಡಿಯೋ ದಿಗಂತ, ಅಂದರೆ ತರಂಗ ನೇರವಾಗಿ ತಲುಪಬಲ್ಲ ದೂರ, ಕಿಲೋಮೀಟರಿನಲ್ಲಿ ಸಿಗುತ್ತದೆ. ಕಣ್ಣಿಗೆ ಕಾಣುವ ದಿಗಂತಕ್ಕಿಂತ ಇದು ಸ್ವಲ್ಪ ಹೆಚ್ಚು, ಏಕೆಂದರೆ ವಾತಾವರಣ ತರಂಗವನ್ನು ತುಸು ಕೆಳಕ್ಕೆ ಬಾಗಿಸುತ್ತದೆ. 100 ಮೀಟರ್ ಎತ್ತರದ ಗೋಪುರಕ್ಕೆ ಇದು 41 ಕಿಲೋಮೀಟರ್, 150 ಮೀಟರಿಗೆ 50 ಕಿಲೋಮೀಟರ್. ನೋಡುವವರ ಮಾಳಿಗೆಯ ಆಂಟೆನಾ ನೆಲದಿಂದ 10 ಮೀಟರ್ ಎತ್ತರದಲ್ಲಿದ್ದರೆ ಅದಕ್ಕೆ ಇನ್ನೂ 13 ಕಿಲೋಮೀಟರ್ ಸೇರುತ್ತದೆ. ಗೋಪುರವನ್ನು ಎರಡು ಪಟ್ಟು ಎತ್ತರ ಮಾಡಿದರೂ ದೂರ ಎರಡು ಪಟ್ಟಾಗುವುದಿಲ್ಲ ಎಂಬುದನ್ನು ಈ ವರ್ಗಮೂಲವೇ ಹೇಳುತ್ತದೆ. ಆದ್ದರಿಂದಲೇ ದೂರದರ್ಶನ ಎಲ್ಲೆಲ್ಲಿ ಬೆಟ್ಟ ಸಿಕ್ಕಿತೋ ಅಲ್ಲಲ್ಲಿ ಬೆಟ್ಟವನ್ನೇ ಗೋಪುರವಾಗಿ ಬಳಸಿಕೊಂಡಿತು; ತಮಿಳುನಾಡಿನ ಕೊಡೈಕೆನಾಲ್, ಹಿಮಾಚಲದ ಕಸೌಲಿ ಇದಕ್ಕೆ ಒಳ್ಳೆಯ ಉದಾಹರಣೆಗಳು. ಸಮುದ್ರಮಟ್ಟದ ರಾಮೇಶ್ವರದಲ್ಲಿ ಬೆಟ್ಟವಿಲ್ಲದ ಕಾರಣ 323 ಮೀಟರಿನ ಗೋಪುರವನ್ನೇ ಕಟ್ಟಬೇಕಾಯಿತು.

ಕಲಬುರಗಿ ನಗರ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದ ಕಪ್ಪು ಮಣ್ಣಿನ ಬಯಲಿನಲ್ಲಿದೆ. ತೊಗರಿ, ಜೋಳದ ಆ ಬಯಲು ದಕ್ಷಿಣಕ್ಕೆ ಭೀಮೆಯ ಕಡೆಗೆ ಇಳಿಯುತ್ತದೆ. ಆ ದಿಕ್ಕಿನ ಊರುಗಳಿಗೆ ಇದು ಒಳ್ಳೆಯದೇ ಆಯಿತು. ನೇರ ಗೆರೆಯಲ್ಲಿ 36 ಕಿಲೋಮೀಟರ್ ದೂರದ ಜೇವರ್ಗಿ, 38 ಕಿಲೋಮೀಟರ್ ದೂರದ ಆಳಂದ, ಸುಮಾರು 50 ಕಿಲೋಮೀಟರ್ ದೂರದ ಸೇಡಂ ಮತ್ತು ಅಫಜಲಪುರಗಳನ್ನು ಎತ್ತರದ ಗೋಪುರದ ದಿಗಂತ ಒಳಗೊಳ್ಳಬಲ್ಲದು. ಆಗ ಇದೇ ಜಿಲ್ಲೆಗೆ ಸೇರಿದ್ದ ಯಾದಗಿರಿ, ಶಹಾಪುರಗಳು 70 ಕಿಲೋಮೀಟರಿನಲ್ಲಿ, ಅಂದರೆ ದಿಗಂತದ ಅಂಚಿನಲ್ಲಿ ಬರುತ್ತವೆ. ಅಲ್ಲಿ ಎತ್ತರದ ಕಂಬ, ಒಳ್ಳೆಯ ಆಂಟೆನಾ, ಸಿಗ್ನಲನ್ನು ಹಿಗ್ಗಿಸುವ ಬೂಸ್ಟರ್ ಮೂರೂ ಬೇಕು. ಸುರಪುರ 90 ಕಿಲೋಮೀಟರ್. ಅಲ್ಲಿ ಚಿತ್ರ ಸಿಕ್ಕ ದಿನವನ್ನು ಅದೃಷ್ಟದ ದಿನವೆಂದೇ ಎಣಿಸಬೇಕು.

ಚಿಂಚೋಳಿ ಇರುವುದು ಕಲಬುರಗಿಯಿಂದ ನೇರವಾಗಿ ಸುಮಾರು 64 ಕಿಲೋಮೀಟರ್ ದೂರದಲ್ಲಿ. ಅದೂ ಅಂಚೇ, ಆದರೆ ಅಲ್ಲಿ ಇನ್ನೊಂದು ತೊಡಕಿದೆ. ಬಯಲು ಸೀಮೆಯಾದ ಈ ಜಿಲ್ಲೆಯಲ್ಲಿ ಗುಡ್ಡ, ಕಾಡು ಎಂದು ಹೇಳಿಕೊಳ್ಳುವಂಥವು ಇರುವುದು ಮುಖ್ಯವಾಗಿ ನಿಮ್ಮ ತಾಲ್ಲೂಕಿನಲ್ಲಿಯೇ, ಕುಂಚಾವರಂ ಕಡೆಗೆ. ನಿಮ್ಮೂರಿನಿಂದ ಕಲಬುರಗಿ ದಿಕ್ಸೂಚಿಯಲ್ಲಿ ಸುಮಾರು 257 ಡಿಗ್ರಿಗೆ ಬರುತ್ತದೆ. ಹಿಂದೆ ಹೇಳಿದ ಉಪಗ್ರಹದ ದಿಕ್ಕು 252 ಡಿಗ್ರಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಶಾಲೆಯ ಕೊಡೆಯೂ ನಿಮ್ಮ ಮಾಳಿಗೆಯ ಆಂಟೆನಾವೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮುಖ ಮಾಡಿದ್ದವು; ಒಂದು ಆಕಾಶದತ್ತ 38 ಡಿಗ್ರಿ ತಲೆ ಎತ್ತಿತ್ತು, ಇನ್ನೊಂದು ನೆಲಕ್ಕೆ ಸಮವಾಗಿ ಮಲಗಿತ್ತು. ಮೊದಲನೆಯದಕ್ಕೆ ಗುಡ್ಡ ಲೆಕ್ಕಕ್ಕೇ ಇರಲಿಲ್ಲ. ಎರಡನೆಯದಕ್ಕೆ ಗುಡ್ಡ ಗೋಡೆಯಾಯಿತು. ದಿಣ್ಣೆಯ ಮೇಲಿನ ಊರಿನವರ ಆಂಟೆನಾ ಅದೇ ಗುಡ್ಡದ ತಲೆಗೆ ಸಮನಾಗಿಯೋ ಮೇಲಾಗಿಯೋ ಇದ್ದುದರಿಂದ ಅವರಿಗೆ ಸಿಗ್ನಲ್ ನೇರವಾಗಿ ಸಿಕ್ಕಿತು. ಎರಡು ಊರುಗಳ ನಡುವಿನ ವ್ಯತ್ಯಾಸಕ್ಕೆ ಇದೇ ಕಾರಣ. ಟಿವಿ ಸೆಟ್ಟಿನ ಕಂಪನಿಯೂ ಕಾರಣವಲ್ಲ, ನಿಮ್ಮ ಮನೆಯವರು ಆಂಟೆನಾ ತಿರುಗಿಸಿದ ರೀತಿಯೂ ಅಲ್ಲ.

ಹಾಗಾದರೆ ಚುಕ್ಕೆಚುಕ್ಕೆಯಾಗಿಯಾದರೂ ಚಿತ್ರ ಹೇಗೆ ಬಂತು ಎಂಬ ಪ್ರಶ್ನೆ ಉಳಿಯುತ್ತದೆ. ತರಂಗ ಗುಡ್ಡದ ನೆತ್ತಿಗೆ ತಗುಲಿದಾಗ ಅದರ ಒಂದು ಸಣ್ಣ ಪಾಲು ಅಂಚಿನಿಂದ ಕೆಳಕ್ಕೆ ಬಾಗುತ್ತದೆ. ಬೇಲಿಯ ಆಚೆಯ ದೀಪದ ಮಬ್ಬು ಬೆಳಕು ಬೇಲಿಯ ನೆರಳಿನೊಳಕ್ಕೂ ಸೋರುವ ಹಾಗೆ. ನೋಡಲು ಯೋಗ್ಯವಾದ ಚಿತ್ರ ಬೇಕಾದರೆ ವಿಎಚ್‌ಎಫ್‌ನ ಮೇಲಿನ ಪಟ್ಟಿಯಲ್ಲಿ, ನೆಲದಿಂದ 10 ಮೀಟರ್ ಎತ್ತರದಲ್ಲಿ, ಸಿಗ್ನಲಿನ ಬಲ ಮೀಟರಿಗೆ ಸುಮಾರು 560 ಮೈಕ್ರೋವೋಲ್ಟ್ ಇರಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ಎಂಜಿನಿಯರರ ಮಾತಿನಲ್ಲಿ ಇದು 55 ಡೆಸಿಬೆಲ್. ಗುಡ್ಡದ ನೆರಳಿನಲ್ಲಿ ಇದು ಹತ್ತನೆಯ ಒಂದು ಭಾಗಕ್ಕೆ ಇಳಿಯುವುದು ಅಪರೂಪವೇನಲ್ಲ. ಆಗ ಟಿವಿಯೊಳಗಿನ ಬಿಡಿಭಾಗಗಳ ಸ್ವಂತ ಗದ್ದಲವೇ ಸಿಗ್ನಲಿಗೆ ಸಮನಾಗಿ ನಿಲ್ಲುತ್ತದೆ. ಪರದೆಯ ಮೇಲೆ ನೀವು ನೋಡಿದ ಚುಕ್ಕೆಗಳು ಆ ಗದ್ದಲವೇ. ಇಂಥಲ್ಲಿ ಬೂಸ್ಟರ್ ಹಾಕಿದವರು ನಿರಾಶರಾದದ್ದೂ ಇದೇ ಕಾರಣಕ್ಕೆ: ಟಿವಿಯ ಪಕ್ಕದಲ್ಲಿಟ್ಟ ಬೂಸ್ಟರ್ ಸಿಗ್ನಲನ್ನೂ ಗದ್ದಲವನ್ನೂ ಒಟ್ಟಿಗೆ ಹಿಗ್ಗಿಸುತ್ತದೆ. ಅದನ್ನು ಕಂಬದ ತುದಿಯಲ್ಲಿ, ಆಂಟೆನಾದ ಬುಡದಲ್ಲೇ ಕಟ್ಟಿದ್ದರೆ ವಯರಿನಲ್ಲಿ ಆಗುವ ನಷ್ಟವಾದರೂ ಉಳಿಯುತ್ತಿತ್ತು.

ಚಳಿಗಾಲದ ಬೆಳಗಿನ ಜಾವ ಇದ್ದಕ್ಕಿದ್ದಂತೆ ಚಿತ್ರ ಸ್ವಚ್ಛವಾಗಿ, ಬಿಸಿಲೇರಿದೊಡನೆ ಮತ್ತೆ ಕೆಟ್ಟ ಅನುಭವ ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ ಅದಕ್ಕೂ ವಿವರಣೆ ಇದೆ. ಮೋಡವಿಲ್ಲದ ಚಳಿ ರಾತ್ರಿಯಲ್ಲಿ ಬಯಲು ಸೀಮೆಯ ನೆಲ ಬೇಗ ತಣ್ಣಗಾಗುತ್ತದೆ. ನೆಲದ ಹತ್ತಿರದ ಗಾಳಿ ತಂಪಾಗಿ, ಅದರ ಮೇಲಿನ ಗಾಳಿ ಬೆಚ್ಚಗಿರುತ್ತದೆ. ಈ ಪದರ ತರಂಗವನ್ನು ಎಂದಿಗಿಂತ ಹೆಚ್ಚು ಬಾಗಿಸುವುದರಿಂದ ಅದು ದಿಗಂತ ದಾಟಿಯೂ ನೆಲಕ್ಕಿಳಿಯುತ್ತದೆ. ಅಂಥ ಹೊತ್ತಿನಲ್ಲಿ 175 ಕಿಲೋಮೀಟರ್ ದೂರದ ಹೈದರಾಬಾದಿನ ಪ್ರಸಾರ ಕಲಬುರಗಿ ಸೀಮೆಯ ಯಾವುದೋ ಮಾಳಿಗೆಗೆ ಸಿಕ್ಕಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಬಿಸಿಲು ನೆಲವನ್ನು ಕಾಯಿಸಿದೊಡನೆ ಪದರ ಒಡೆಯುತ್ತದೆ, ಚಿತ್ರ ಹೋಗುತ್ತದೆ.

ಟ್ರಾನ್ಸ್‌ಮಿಟರಿನ ವ್ಯಾಪ್ತಿ ತೋರಿಸಲು ನಕ್ಷೆಯ ಮೇಲೆ ಎಳೆಯುತ್ತಿದ್ದ ವೃತ್ತಗಳ ಬಗ್ಗೆಯೂ ಒಂದು ಮಾತು ಹೇಳಬೇಕು. 1984ರಲ್ಲಿ ಇನ್ಸಾಟ್-1ಬಿ ಉಪಗ್ರಹವನ್ನು ಬಳಸಿಕೊಂಡು ದೇಶದಲ್ಲಿ ಸರಾಸರಿ ದಿನಕ್ಕೊಂದರಂತೆ ಹೊಸ ಟ್ರಾನ್ಸ್‌ಮಿಟರುಗಳನ್ನು ಹಾಕಿದ ಕಾಲವಿತ್ತು. ಅವುಗಳಲ್ಲಿ ಹೆಚ್ಚಿನವು 100 ವ್ಯಾಟ್ ಶಕ್ತಿಯ ಸಣ್ಣ ಮರುಪ್ರಸಾರ ಕೇಂದ್ರಗಳು; ದೆಹಲಿಯ ಕಾರ್ಯಕ್ರಮವನ್ನು ಉಪಗ್ರಹದಿಂದ ಇಳಿಸಿಕೊಂಡು, ಸುತ್ತಲಿನ ಪಟ್ಟಣಕ್ಕೆ, ಹದಿನೈದು ಕಿಲೋಮೀಟರಿನೊಳಗಿನ ಹಳ್ಳಿಗಳಿಗೆ ತಲುಪಿಸುವುದಷ್ಟೇ ಅವುಗಳ ಕೆಲಸ. 10 ಕಿಲೋವ್ಯಾಟಿನ ದೊಡ್ಡ ಟ್ರಾನ್ಸ್‌ಮಿಟರಿಗೆ 70-80 ಕಿಲೋಮೀಟರ್, 1 ಕಿಲೋವ್ಯಾಟಿನದಕ್ಕೆ ಅದರ ಅರ್ಧ ಎಂಬ ಸ್ಥೂಲ ಲೆಕ್ಕದಲ್ಲಿ ನಕ್ಷೆಯ ಮೇಲೆ ಕೈವಾರ ಇಟ್ಟು ವೃತ್ತ ಎಳೆಯಲಾಗುತ್ತಿತ್ತು. ದೇಶದ ಜನಸಂಖ್ಯೆಯ ಶೇಕಡ 90ಕ್ಕೂ ಹೆಚ್ಚು ಮಂದಿಗೆ ದೂರದರ್ಶನ ತಲುಪಿದೆ ಎಂಬ ಅಧಿಕೃತ ಹೇಳಿಕೆಯ ಹಿಂದೆ ಇದ್ದದ್ದು ಇಂಥ ಲೆಕ್ಕಗಳೇ. ಆ ಸಂಖ್ಯೆ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ವೃತ್ತದೊಳಗೆ ಬಿದ್ದ ಊರನ್ನು ಸಿಗ್ನಲ್ ಸಿಕ್ಕ ಊರೆಂದೇ ಬರೆದುಕೊಂಡಾಗ ಗುಡ್ಡದ ಬುಡದ, ಕೆರೆಯ ತಗ್ಗಿನ, ಕಣಿವೆಯ ಹಳ್ಳಿಗಳು ಕಾಗದದ ಮೇಲೆ ಟಿವಿ ನೋಡಿದವು, ನಿಜದಲ್ಲಿ ನೋಡಲಿಲ್ಲ. ನಿಮ್ಮದು ಅಂಥ ಊರು. ಇಂಥ ಊರುಗಳ ಪಟ್ಟಿ ಮಾಡಿ, ಗುಡ್ಡದ ಮೇಲೆ 10 ವ್ಯಾಟಿನ ಕಿರು ಟ್ರಾನ್ಸ್‌ಮಿಟರುಗಳನ್ನು ಇಟ್ಟಿದ್ದರೆ ಅಂದಿಗೇ ಪರಿಹಾರ ಸಿಗುತ್ತಿತ್ತು. ಹಿಮಾಲಯ ಮತ್ತು ಈಶಾನ್ಯದ ಕಣಿವೆಗಳಲ್ಲಿ ಅವುಗಳನ್ನು ಇಟ್ಟಿದ್ದರು.

1990ರ ದಶಕದಲ್ಲಿ ದೂರದರ್ಶನ ಪ್ರಾದೇಶಿಕ ಭಾಷೆಗಳ ವಾಹಿನಿಗಳನ್ನು ಉಪಗ್ರಹಕ್ಕೆ ಏರಿಸಿತು. ಕನ್ನಡದ್ದು ಡಿಡಿ-9, ಮುಂದೆ ಅದಕ್ಕೆ ‘ಚಂದನ’ ಎಂದು ಹೆಸರಾಯಿತು. ಬೆಂಗಳೂರು ಮತ್ತು ಕಲಬುರಗಿ, ಈ ಎರಡು ಕೇಂದ್ರಗಳ ಕಾರ್ಯಕ್ರಮಗಳೂ ಅದರಲ್ಲಿ ಬರುತ್ತಾ ಬಂದಿವೆ. ಅದೇ ಕಾಲಕ್ಕೆ ಪಟ್ಟಣಗಳಲ್ಲಿ ಕೇಬಲ್ ಟಿವಿ ಬಂದು, ಮಾಳಿಗೆಗಳ ಮೇಲಿನ ಆಂಟೆನಾಗಳು ಒಂದೊಂದಾಗಿ ಕಾಗೆ ಕೂರುವ ಕಂಬಗಳಾದವು. ಕೇಬಲ್ ಎಳೆಯಲು ಲಾಭವಿಲ್ಲದ ನಿಮ್ಮೂರಿನಂಥ ಹಳ್ಳಿಗಳಿಗೆ ನಿಜವಾದ ಬದಲಾವಣೆ ಬಂದದ್ದು 2004ರ ಡಿಸೆಂಬರಿನಲ್ಲಿ, ಡಿಡಿ ಡೈರೆಕ್ಟ್ ಪ್ಲಸ್ ಆರಂಭವಾದಾಗ. ಇಂದು ಡಿಡಿ ಫ್ರೀ ಡಿಶ್ ಎಂದು ಕರೆಯುವುದು ಅದನ್ನೇ. ತಿಂಗಳ ಬಾಡಿಗೆ ಇಲ್ಲದ ಆ ಡಿಶ್‌ನಲ್ಲಿ ಚಂದನ ವಾಹಿನಿ ಗುಡ್ಡದ ಮೇಲಿನವರಿಗೂ ಬುಡದವರಿಗೂ ಒಂದೇ ರೀತಿಯಲ್ಲಿ ಸಿಗುತ್ತದೆ.

ಇನ್ನು ಕಲಬುರಗಿ ಕೇಂದ್ರ ಮುಚ್ಚಿದೆ ಎಂಬ ಮಾತು. ಇಲ್ಲಿ ಎರಡು ಬೇರೆ ಸಂಗತಿಗಳು ಒಂದರೊಳಗೊಂದು ಬೆರೆತುಹೋಗಿವೆ. ದೂರದರ್ಶನ, ಆಕಾಶವಾಣಿಗಳನ್ನು ನಡೆಸುವ ಪ್ರಸಾರ ಭಾರತಿ ಸಂಸ್ಥೆ ತನ್ನ ಅನಲಾಗ್ (ಡಿಜಿಟಲ್ ಅಲ್ಲದ ಹಳೆಯ ಬಗೆಯ) ಟ್ರಾನ್ಸ್‌ಮಿಟರುಗಳನ್ನು ಹಂತಹಂತವಾಗಿ ನಿಲ್ಲಿಸುತ್ತಾ ಬಂದಿತು. 2022ರ ಮಾರ್ಚ್ 31ರೊಳಗೆ, ಗಡಿಯಂಥ ಆಯಕಟ್ಟಿನ ಜಾಗಗಳಲ್ಲಿರುವ ಸುಮಾರು 50ನ್ನು ಬಿಟ್ಟು, ಉಳಿದವುಗಳನ್ನೆಲ್ಲ ನಿಲ್ಲಿಸುವ ವೇಳಾಪಟ್ಟಿ ಇತ್ತು. ನೋಡುವವರು ಕಡಿಮೆಯಾಗಿದ್ದರು, ವಿದ್ಯುತ್ತಿಗೆ, ಬಿಡಿಭಾಗಗಳಿಗೆ ಖರ್ಚು ಹೆಚ್ಚಿತ್ತು, ಆ ತರಂಗಾಂತರಗಳು ಬೇರೆ ಬಳಕೆಗೆ ಬೇಕಾಗಿದ್ದವು. 2021ರ ಅಕ್ಟೋಬರ್‌ನಲ್ಲಿ, ಟ್ರಾನ್ಸ್‌ಮಿಟರ್ ನಿಲ್ಲುವುದೆಂದರೆ ಕೇಂದ್ರವೇ ಮುಚ್ಚುವುದೆಂಬ ಸುದ್ದಿ ಹಬ್ಬಿದಾಗ, ಅಸ್ಸಾಮಿನ ಸಿಲ್ಚರ್ ಮತ್ತು ನಮ್ಮ ಕಲಬುರಗಿಯ ಹೆಸರುಗಳನ್ನು ಹೇಳಿಯೇ ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತು: ಈ ಕೇಂದ್ರಗಳು ಕಾರ್ಯಕ್ರಮ ತಯಾರಿಸುವುದನ್ನು ಮುಂದುವರಿಸುತ್ತವೆ, ಅವು ಆಯಾ ರಾಜ್ಯದ ದೂರದರ್ಶನ ವಾಹಿನಿಯಲ್ಲಿಯೂ ಯೂಟ್ಯೂಬಿನಂಥ ಮಾಧ್ಯಮಗಳಲ್ಲಿಯೂ ಬರುತ್ತವೆ ಎಂದು. ಆದ್ದರಿಂದ ನಿಂತದ್ದು ಗೋಪುರದಿಂದ ಹೊರಡುತ್ತಿದ್ದ ಹಳೆಯ ಸಿಗ್ನಲ್. ಕಾರ್ಯಕ್ರಮ ತಯಾರಿಸುವ ಕೇಂದ್ರ ಬೇರೆ, ಸಿಗ್ನಲ್ ಸಾಗಿಸುವ ಟ್ರಾನ್ಸ್‌ಮಿಟರ್ ಬೇರೆ ಎಂಬುದನ್ನು ನೆನಪಿಟ್ಟುಕೊಂಡರೆ ಗೊಂದಲವಿರುವುದಿಲ್ಲ.

ಆದರೂ ಆ ಸುದ್ದಿ ಬಂದಾಗ ಕಲಬುರಗಿಯ ಜನಕ್ಕೆ ಆದ ಆತಂಕ ನನಗೆ ಅರ್ಥವಾಗುತ್ತದೆ, ಅದರಲ್ಲಿ ನ್ಯಾಯವೂ ಇದೆ. ಸ್ವಂತ ಟ್ರಾನ್ಸ್‌ಮಿಟರ್ ಇದ್ದಾಗ ಸಂಜೆಯ ಒಂದಷ್ಟು ಹೊತ್ತು ಆ ಸೀಮೆಗೇ ಮೀಸಲಾಗಿಡಲು ಸಾಧ್ಯ. ಅಲ್ಲಿನ ತೊಗರಿ, ಅಲ್ಲಿನ ಮಳೆ, ದಖನಿ ಉರ್ದುವೂ ತೆಲುಗೂ ಮರಾಠಿಯೂ ತಾಗಿಕೊಂಡಿರುವ ಅಲ್ಲಿನ ಕನ್ನಡ, ಎಲ್ಲವೂ ಆ ಹೊತ್ತಿನಲ್ಲಿ ಸಲ್ಲುತ್ತವೆ. ಇಡೀ ರಾಜ್ಯಕ್ಕೆ ಒಂದೇ ವಾಹಿನಿಯಾದಾಗ ಕಲಬುರಗಿಗೆ ಸಿಗುವುದು ಬೆಂಗಳೂರಿನ ವೇಳಾಪಟ್ಟಿಯೊಳಗಿನ ಒಂದು ಪಾಲು. ಸೈಟ್ ನಡೆಯುತ್ತಿದ್ದ ಕಾಲಕ್ಕೇ ಗುಜರಾತಿನ ಖೇಡಾ ಜಿಲ್ಲೆಯ ಪಿಜ್ ಎಂಬ ಹಳ್ಳಿಯಲ್ಲಿ ಬರೀ 1 ಕಿಲೋವ್ಯಾಟಿನ ಒಂದು ಟ್ರಾನ್ಸ್‌ಮಿಟರ್ ಇಟ್ಟು, ಆ ಜಿಲ್ಲೆಯ ರೈತರಿಗೆ, ಕೂಲಿಗಳಿಗೆ ಅವರದೇ ಮಾತಿನಲ್ಲಿ ಕಾರ್ಯಕ್ರಮ ಮಾಡಿ ತೋರಿಸಲಾಗಿತ್ತು. ಸ್ಥಳೀಯ ಟಿವಿ ಎಂದರೆ ಏನು ಎಂಬುದಕ್ಕೆ ನಮ್ಮ ದೇಶದಲ್ಲಿ ಅದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಕಲಬುರಗಿ ಕೇಂದ್ರಕ್ಕೆ ಆ ದಾರಿಯಲ್ಲಿ ನಡೆಯುವ ಹಕ್ಕು ಹುಟ್ಟಿನಿಂದಲೇ ಇತ್ತು. ಟ್ರಾನ್ಸ್‌ಮಿಟರ್ ಹೋದ ಮೇಲೂ, ಚಂದನದಲ್ಲಿ ಅದಕ್ಕೆ ಸಿಗುವ ಹೊತ್ತನ್ನು ಹೆಚ್ಚಿಸಬೇಕೆಂದು ಕೇಳಲು ಅಲ್ಲಿನ ಜನಪ್ರತಿನಿಧಿಗಳಿಗೆ ಯಾವ ಅಡ್ಡಿಯೂ ಇಲ್ಲ.

ಕೊನೆಯದಾಗಿ ನಿಮ್ಮ ಮಾಳಿಗೆಯ ಆಂಟೆನಾ. ಟೇಪು ಹಿಡಿದು ಅದರ ಅಡ್ಡ ಕಡ್ಡಿಗಳನ್ನು ಅಳೆದು ನೋಡಿ. ವಯರ್ ಕಟ್ಟಿರುವ, ಉದ್ದನೆಯ ಉಂಗುರದಂತೆ ಮಡಚಿದ ಕಡ್ಡಿ 65ರಿಂದ 85 ಸೆಂಟಿಮೀಟರಿನೊಳಗಿದ್ದರೆ ಅದು 174ರಿಂದ 230 ಮೆಗಾಹರ್ಟ್ಸ್‌ನ ಮೇಲಿನ ವಿಎಚ್‌ಎಫ್ ಪಟ್ಟಿಗೆ ಮಾಡಿದ್ದು; ಎರಡು ಮೀಟರಿಗೂ ಹೆಚ್ಚಿದ್ದರೆ 47ರಿಂದ 68 ಮೆಗಾಹರ್ಟ್ಸ್‌ನ ಕೆಳಗಿನ ಪಟ್ಟಿಗೆ. ಕಡ್ಡಿಯ ಉದ್ದ ತರಂಗದ ಉದ್ದದ ಅರ್ಧಕ್ಕೆ ಸ್ವಲ್ಪ ಕಡಿಮೆ ಇರಬೇಕೆಂಬ ನಿಯಮದಿಂದ ಈ ಅಳತೆ ಬರುತ್ತದೆ. ಅದರ ಹಿಂದಿನ ಕಡ್ಡಿ ತುಸು ಉದ್ದ, ಮುಂದಿನವು ತುಸು ಗಿಡ್ಡ. ಗಿಡ್ಡ ಕಡ್ಡಿಗಳ ತುದಿ ಈಗಲೂ ಕಲಬುರಗಿಯ ಕಡೆಗೇ ನೋಡುತ್ತಿರಬೇಕು. ಆ ದಿಕ್ಕಿನಿಂದ ಬರುತ್ತಿದ್ದ ಅನಲಾಗ್ ಪ್ರಸಾರ ಈಗ ಇಲ್ಲದಿರುವುದರಿಂದ ಇದನ್ನು ಟಿವಿಗೆ ಜೋಡಿಸಿ ಫಲವಿಲ್ಲ. ದೂರದರ್ಶನ 2016ರ ಫೆಬ್ರವರಿಯಲ್ಲಿ 16 ನಗರಗಳಲ್ಲಿ ಆರಂಭಿಸಿದ ಡಿಜಿಟಲ್ ನೆಲಪ್ರಸಾರದಲ್ಲಿ ಕರ್ನಾಟಕದಿಂದ ಬೆಂಗಳೂರು ಮಾತ್ರ ಇತ್ತು. ಅದು ವಿಎಚ್‌ಎಫ್‌ಗಿಂತ ಮೇಲಿನ ಯುಎಚ್‌ಎಫ್ ಪಟ್ಟಿಯದಾದ್ದರಿಂದ ಈ ಉದ್ದದ ಕಡ್ಡಿಗಳು ಅದಕ್ಕೂ ಹೊಂದುವುದಿಲ್ಲ.

ಆದರೆ ಆಂಟೆನಾ ಹೊತ್ತಿರುವ ಕಬ್ಬಿಣದ ಕಂಬವನ್ನು ಕೀಳಬೇಡಿ. ತುಕ್ಕು ಕೆರೆದು, ಬುಡದ ಗಾರೆ ಗಟ್ಟಿಯಾಗಿದೆಯೇ ಎಂದು ನೋಡಿ, ಅಲುಗದಂತೆ ತಂತಿ ಬಿಗಿದು, ಅದಕ್ಕೇ 60 ಸೆಂಟಿಮೀಟರಿನ ಫ್ರೀ ಡಿಶ್ ತಟ್ಟೆಯನ್ನು ಕೂರಿಸಬಹುದು. ಎತ್ತರ ಇಲ್ಲಿ ಬೇಕಾಗಿಲ್ಲ, ಆದ್ದರಿಂದ ಕೈಗೆ ಎಟುಕುವ ಮಟ್ಟದಲ್ಲೇ ಕಟ್ಟಿ. ಕಂಬ ಅಲುಗದಿರುವುದೇ ಮುಖ್ಯ, ಏಕೆಂದರೆ ತಟ್ಟೆ ಒಂದೆರಡು ಡಿಗ್ರಿ ಸರಿದರೂ ಚಿತ್ರ ಹೋಗುತ್ತದೆ. ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿದೆ, ನಿಮ್ಮೂರಿನಿಂದ ಅದು ಸರಿಸುಮಾರು ಆಗ್ನೇಯಕ್ಕೆ, ನೆಲದಿಂದ ಸುಮಾರು 62 ಡಿಗ್ರಿ ಮೇಲಕ್ಕೆ ಬರುತ್ತದೆ. ಪಡುವಣದ ಗುಡ್ಡಕ್ಕೆ ಬೆನ್ನು ಮಾಡಿದ ದಿಕ್ಕು ಅದು. ಜೋರು ಮಳೆಯಲ್ಲಿ ಚಿತ್ರ ಐದು ಹತ್ತು ನಿಮಿಷ ನಿಂತರೆ ತಟ್ಟೆಯನ್ನು ಮುಟ್ಟಬೇಡಿ: ಈ ತರಂಗದ ಉದ್ದ ಎರಡೂವರೆ ಸೆಂಟಿಮೀಟರ್ ಮಾತ್ರ, ದಪ್ಪ ಹನಿಗಳು ಅದನ್ನು ಹೀರಿಕೊಳ್ಳುತ್ತವೆ, ಮಳೆ ಇಳಿದೊಡನೆ ಚಿತ್ರ ತಾನಾಗಿ ಮರಳುತ್ತದೆ. ತಟ್ಟೆ ಕೂರಿಸುವ ದಿನ ತಂದೆಯವರನ್ನು ಮಾಳಿಗೆಗೆ ಕರೆದುಕೊಂಡು ಹೋಗಿ, ಶಾಲೆಯ ಕೊಡೆ ಯಾವ ಕಡೆಗೆ ನೋಡುತ್ತಿತ್ತು ಎಂದು ಕೇಳಿ. ಅವರು ಕೈ ಮಾಡಿ ತೋರಿಸುವ ದಿಕ್ಕು ಹಳೆಯ ಆಂಟೆನಾದ ಗಿಡ್ಡ ಕಡ್ಡಿಗಳ ನೇರಕ್ಕೆ ಬಂದೀತು.